ಅಂಗಡಿಯ ಖರ್ಚು ಯಾವುದು, ಮನೆಯ ಖರ್ಚು ಯಾವುದು?



ನಮ್ಮ ಹಳ್ಳಿಗಳಲ್ಲಿ ಹಿಟ್ಟಿನ ಗಿರಣಿ, ಕಿರಾಣಿ ಅಂಗಡಿ, ಹೊಲಿಗೆ ಕೆಲಸ, ಪಂಪಿನ ರಿಪೇರಿ ಮುಂತಾದ ಸಣ್ಣ ಉದ್ಯೋಗಗಳನ್ನು ನಡೆಸುವವರು ಅನೇಕರಿದ್ದಾರೆ. ಇವರಲ್ಲಿ ಬಹುಮಂದಿಗೆ ಗಲ್ಲಾಪೆಟ್ಟಿಗೆ ಒಂದೇ. ಅಂಗಡಿಯ ಖರ್ಚಿಗೂ ಅದೇ, ಮನೆಯ ಖರ್ಚಿಗೂ ಅದೇ. ಮಾರ್ಚ್ 31ಕ್ಕೆ ವರ್ಷ ಮುಗಿದು ಆದಾಯ ತೆರಿಗೆಯ ಲೆಕ್ಕ ಕೊಡುವ ಕಾಲ ಬಂದಾಗ ತೊಡಕು ಕಾಣುತ್ತದೆ. ಆದ್ದರಿಂದ ಖರ್ಚನ್ನು ವಿಂಗಡಿಸುವ ಕ್ರಮವನ್ನು ಈ ಪಾಠದಲ್ಲಿ ತಿಳಿಯೋಣ.

ಒಂದು ಹಿಟ್ಟಿನ ಗಿರಣಿಯನ್ನು ಉದಾಹರಣೆಗೆ ಇಟ್ಟುಕೊಳ್ಳಿ. ವರ್ಷದಲ್ಲಿ ಬೀಸುವ ಕೂಲಿಯಿಂದ ಬಂದದ್ದು 4,80,000 ರೂಪಾಯಿ. ಪೆಟ್ಟಿಗೆಯಿಂದ ಹೋದದ್ದು 3,92,000 ರೂಪಾಯಿ. ಉಳಿದದ್ದು 88,000. ವರ್ಷವಿಡೀ ದುಡಿದು ಇಷ್ಟೇ ಲಾಭವಾದರೆ ಗಿರಣಿ ಮುಚ್ಚುವುದೇ ಲೇಸೆಂದು ಯಜಮಾನನಿಗೆ ತೋರುವುದು ಸಹಜ. ಮುಚ್ಚುವ ಮೊದಲು ಹೋದ ಹಣವನ್ನು ನಾಲ್ಕು ಪಾಲು ಮಾಡಿ ನೋಡೋಣ.

1. ಚಾಲ್ತಿ ಖರ್ಚು

ಉದ್ಯೋಗ ದಿನದಿನವೂ ನಡೆಯಲು ಬೇಕಾದ ಖರ್ಚು ಇದು. ನಮ್ಮ ಗಿರಣಿಯಲ್ಲಿ ಆಳಿನ ಕೂಲಿ 96,000, ವಿದ್ಯುತ್ತು 72,000, ಕಟ್ಟಡದ ಬಾಡಿಗೆ 24,000, ಬೆಲ್ಟು, ಕಲ್ಲು ಮತ್ತು ರಿಪೇರಿ 18,000, ಸಾಲದ ಬಡ್ಡಿ 12,000, ಒಟ್ಟು 2,22,000. ಪೂರ್ಣವಾಗಿ ಉದ್ಯೋಗಕ್ಕಾಗಿಯೇ ಆದ ಇಂಥ ಖರ್ಚನ್ನು ಆ ವರ್ಷದ ಆದಾಯದಲ್ಲಿಯೇ ಕಳೆಯಬಹುದು. ಆದರೆ ಯಜಮಾನನು ತನಗೆ ತಾನೇ ಬರೆದುಕೊಂಡ ಸಂಬಳ ಖರ್ಚಲ್ಲ. ಲಾಭವೇ ಅವನ ಸಂಬಳ.

2. ಬಂಡವಾಳ ಖರ್ಚು

ಹಲವು ವರ್ಷ ಬಾಳುವ ವಸ್ತುವನ್ನು ಕೊಂಡರೆ ಅದರ ಬೆಲೆಯನ್ನು ಒಂದೇ ವರ್ಷದ ಖರ್ಚಾಗಿ ಬರೆಯುವಂತಿಲ್ಲ. ವರ್ಷವರ್ಷವೂ ಸವಕಳಿ ಎಂದು ಒಂದು ಭಾಗವನ್ನು ಮಾತ್ರ ಕಳೆಯಬೇಕು. ಸವಕಳಿಯ ದರ ಸಾಮಾನ್ಯ ಯಂತ್ರಗಳಿಗೆ ನೂರಕ್ಕೆ 15, ಪೀಠೋಪಕರಣಕ್ಕೆ 10, ಕಂಪ್ಯೂಟರಿಗೆ 40. ಗಿರಣಿಯವನು ಜೂನ್ ತಿಂಗಳಲ್ಲಿ 60,000 ರೂಪಾಯಿಗೆ ಹೊಸ ಯಂತ್ರ ತಂದಿದ್ದಾನೆ. ಈ ವರ್ಷ ಕಳೆಯತಕ್ಕದ್ದು 9,000. ಮುಂದಿನ ವರ್ಷ ಉಳಿದ 51,000ದ ಮೇಲೆ 7,650. ಅದೇ ಯಂತ್ರವನ್ನು ಡಿಸೆಂಬರಿನಲ್ಲಿ ಕೊಂಡಿದ್ದರೆ, ಆ ವರ್ಷ ಬಳಸಿದ ದಿನಗಳು 180ಕ್ಕಿಂತ ಕಡಿಮೆಯಾದುದರಿಂದ, ಮೊದಲ ವರ್ಷ ಅರ್ಧ ಸವಕಳಿ, ಅಂದರೆ 4,500 ಮಾತ್ರ.

3. ಸಾಲದ ಅಸಲು

ಕಂತು ಕಟ್ಟಿದ್ದೆಲ್ಲ ಖರ್ಚೆಂದು ಬರೆಯುವುದು ಹೆಚ್ಚಾಗಿ ಕಾಣುವ ತಪ್ಪು. ಕಂತಿನಲ್ಲಿ ಬಡ್ಡಿಯಷ್ಟೇ ಖರ್ಚು. ಅಸಲು ಎಂದರೆ ಪಡೆದ ಹಣವನ್ನು ಹಿಂದಿರುಗಿಸಿದಂತೆ. ನಮ್ಮ ಗಿರಣಿಯವನು ತೀರಿಸಿದ ಅಸಲು 30,000. ಎರಡನ್ನೂ ಬೇರ್ಪಡಿಸಿದ ವಿವರವನ್ನು ಬ್ಯಾಂಕಿನಿಂದ ಕೇಳಿ ಪಡೆಯಿರಿ.

4. ಮನೆಯ ಖರ್ಚು

ರೇಷನ್ನು, ಮಕ್ಕಳ ಫೀಜು, ಮದುವೆಯ ಮುಯ್ಯಿ, ಔಷಧ ಇವು ಮನೆಯವು. ಇಲ್ಲಿ ಇವಕ್ಕೆ ಹೋದದ್ದು 80,000. ಕಿರಾಣಿ ಅಂಗಡಿಯವರು ಮನೆಗೆ ಒಯ್ದ ಬೇಳೆ ಬೆಲ್ಲವನ್ನೂ ಮನೆಯ ಹೆಸರಿಗೇ ಬರೆಯತಕ್ಕದ್ದು. ಬೀಜ, ಗೊಬ್ಬರಗಳ ಲೆಕ್ಕವನ್ನೂ ಬೇರೆಯಾಗಿಯೇ ಇಡಿ. ಬೇಸಾಯದ ಆದಾಯಕ್ಕೆ ಆದಾಯ ತೆರಿಗೆಯಿಲ್ಲ. ಆದುದರಿಂದ ಬೇಸಾಯದ ಖರ್ಚನ್ನು ಗಿರಣಿಯ ಆದಾಯದಲ್ಲಿ ಕಳೆಯಲಾಗದು.

ಕೆಲವು ಖರ್ಚುಗಳು ಎರಡು ಕಡೆಗೂ ಸೇರುತ್ತವೆ. ಮುಂದೆ ಅಂಗಡಿ, ಹಿಂದೆ ಮನೆ, ಎರಡಕ್ಕೂ ಒಂದೇ ಮೀಟರು; ಅಥವಾ ಸರಕಿಗೂ ಸಂತೆಗೂ ನೆಂಟರ ಊರಿಗೂ ಒಂದೇ ಮೋಟಾರು ಸೈಕಲ್ಲು. ಇಲ್ಲಿ ನ್ಯಾಯವಾದ ಪಾಲನ್ನು ಗೊತ್ತು ಮಾಡಿ, ಹೇಗೆ ಗೊತ್ತು ಮಾಡಿದಿರೆಂಬುದನ್ನು ಪುಸ್ತಕದಲ್ಲಿ ಬರೆದಿಡಿ. ವರ್ಷ ಪೂರ್ತಿ ಅದೇ ಪಾಲಿನಂತೆ ನಡೆಯಿರಿ.

ಈಗ ಲೆಕ್ಕ ನೋಡಿ

ಬಂದದ್ದು 4,80,000. ಕಳೆಯತಕ್ಕದ್ದು ಚಾಲ್ತಿ ಖರ್ಚು 2,22,000 ಮತ್ತು ಸವಕಳಿ 9,000. ನಿಜವಾದ ಲಾಭ 2,49,000 ರೂಪಾಯಿ! ಗಿರಣಿ ಸೋತಿಲ್ಲ. ಅದು ಒಂದು ಸಂಸಾರವನ್ನು ಸಾಕಿದೆ, ಸಾಲ ತೀರಿಸಿದೆ, ಹೊಸ ಯಂತ್ರವನ್ನೂ ತಂದಿದೆ. 88,000 ಎಂಬುದು ಪೆಟ್ಟಿಗೆಯ ಶಿಲ್ಕು, ಲಾಭವಲ್ಲ. ಶಿಲ್ಕನ್ನೇ ಲಾಭವೆಂದು ಬರೆದು ಒಪ್ಪಿಸಿದರೆ ತೆರಿಗೆಯ ಲೆಕ್ಕ ತಪ್ಪಾಗುತ್ತದೆ. ಅದನ್ನೇ ಬ್ಯಾಂಕಿಗೆ ತೋರಿಸಿದರೆ ಸಿಗಬೇಕಾದ ಸಾಲವೂ ಸಿಗದೆ ಹೋದೀತು.

ನೆನಪಿಡಬೇಕಾದ ನಿಯಮಗಳು

ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗೆ ಮೀರಿ ನಗದಾಗಿ ಕೊಟ್ಟರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಆ ಖರ್ಚನ್ನು ಕಳೆಯಲು ಬಿಡುವುದಿಲ್ಲ. ಲಾರಿ ಬಾಡಿಗೆಗೆ ಮಾತ್ರ ಈ ಮಿತಿ 35,000. ದೊಡ್ಡ ಮೊತ್ತವನ್ನು ಬ್ಯಾಂಕಿನ ಮೂಲಕವೇ ಕೊಡಿ. ಯಂತ್ರ ಕೊಳ್ಳುವಾಗಲೂ ಹೀಗೆಯೇ ಮಾಡಿ.

ವರ್ಷದ ವಹಿವಾಟು 2 ಕೋಟಿ ರೂಪಾಯಿಯೊಳಗಿರುವ ಸಣ್ಣ ಉದ್ಯೋಗದವರು ವಹಿವಾಟಿನ ನೂರಕ್ಕೆ 8ರಷ್ಟನ್ನು, ಬ್ಯಾಂಕಿನ ಮೂಲಕ ಬಂದ ಹಣಕ್ಕೆ 6ರಷ್ಟನ್ನು, ಅಥವಾ ಅದಕ್ಕಿಂತ ಹೆಚ್ಚನ್ನು ಲಾಭವೆಂದು ಒಪ್ಪಿಸುವ ಸುಲಭ ಕ್ರಮವೂ ಇದೆ. ಅದನ್ನು ಹಿಡಿದರೆ ಖರ್ಚನ್ನಾಗಲಿ ಸವಕಳಿಯನ್ನಾಗಲಿ ಮತ್ತೆ ಬೇರೆ ಕಳೆಯುವಂತಿಲ್ಲ. ಆದರೂ ವಿಂಗಡಣೆ ಬಿಡಬೇಡಿ. ಉದ್ಯೋಗದ ನಿಜಸ್ಥಿತಿ ತಿಳಿಯಲು ಬೇರೆ ದಾರಿಯಿಲ್ಲ. 1961ರ ಆದಾಯ ತೆರಿಗೆ ಕಾಯಿದೆಯ ಸ್ಥಾನಕ್ಕೆ 2025ರ ಕಾಯಿದೆಯನ್ನು 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ತರಲಾಗಿದೆ. ಕಲಮುಗಳ ಸಂಖ್ಯೆ ಬೇರೆಯಾದರೂ ಈ ವಿಂಗಡಣೆಯ ತತ್ತ್ವ ಅದೇ.

ಅಭ್ಯಾಸ

ಇವು ಯಾವ ಪಾಲಿಗೆ ಸೇರುತ್ತವೆ, ಹೇಳಿ: (ಅ) ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಸಿದ ಕೂಲಿ. (ಆ) ಹೊಸ ತೂಕದ ಯಂತ್ರ. (ಇ) ತೂಕದ ಯಂತ್ರಕ್ಕೆ ಸರ್ಕಾರಿ ಮುದ್ರೆ ಹಾಕಿಸಿದ ಶುಲ್ಕ. (ಈ) ಮುದ್ರೆಯಿಲ್ಲದ ತಕ್ಕಡಿಗೆ ತೆತ್ತ ದಂಡ.

ಉತ್ತರ: ಅ ಮತ್ತು ಇ ಚಾಲ್ತಿ ಖರ್ಚು. ಆ ಬಂಡವಾಳ ಖರ್ಚು. ಈ ಯಾವ ಪಾಲಿಗೂ ಸೇರದು. ಕಾನೂನು ಮೀರಿ ತೆತ್ತ ದಂಡವನ್ನು ಕಳೆಯುವಂತಿಲ್ಲ.

ಇಂದೇ ಒಂದು ಪುಸ್ತಕ ತನ್ನಿ. ತಾರೀಖು, ಯಾರಿಗೆ, ಏತಕ್ಕೆ, ಎಷ್ಟು, ಯಾವ ಪಾಲು ಎಂದು ಐದು ಅಂಕಣ ಗೆರೆ ಎಳೆಯಿರಿ. ರಸೀತಿಗಳನ್ನು ತಿಂಗಳವಾರು ಕಟ್ಟಿ ಇಡಿ. ರಾತ್ರಿ ಅಂಗಡಿ ಮುಚ್ಚುವ ಮುನ್ನ ಅಂದಿನದನ್ನು ಅಂದೇ ಬರೆಯಿರಿ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರ ಮಾತು. ಹಾಸಿಗೆ ಎಷ್ಟುದ್ದವೆಂಬುದನ್ನು ಈ ಪುಸ್ತಕ ನಿಮಗೆ ತಿಳಿಸುತ್ತದೆ.