ನೆಲದ ಏರುತಗ್ಗು ಅಳೆಯುವ ಬೆಳಕು



ಹೊಟ್ಟೆಪಾಡಿಗಾಗಿ ಹೈದರಾಬಾದಿಗೆ ಬಂದ ನಾವು ಮನೆ ಹುಡುಕುವಾಗ ಮೊದಲು ಕೇಳುವುದು ಬಾಡಿಗೆ ಎಷ್ಟೆಂದು. ಆಮೇಲೆ, ನಲ್ಲಿಯಲ್ಲಿ ನೀರು ಬರುವುದೇ ಎಂದು. ಮಳೆಯ ನೀರು ಮನೆಯೊಳಗೆ ಬರುವುದೇ ಎಂದು ಕೇಳುವವರು ಕಡಮೆ. 2020ರ ಅಕ್ಟೋಬರಿನಲ್ಲಿ ಬಾಲಾಪುರದ ಗುರ್ರಂ ಚೆರುವು, ಅಂದರೆ ಗುರ್ರಂ ಕೆರೆ, ಒಡೆದು ಕೆಳಗಿನ ಬಡಾವಣೆಗಳಿಗೆ ನೀರು ನುಗ್ಗಿದಾಗ ಆ ಪ್ರಶ್ನೆಯ ಬೆಲೆ ಎಲ್ಲರಿಗೂ ತಿಳಿಯಿತು.

ಇದು ಇಲ್ಲಿ ಹೊಸದಲ್ಲ. 1908ನೆಯ ಇಸವಿ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮ ಸರಕಾರದ ಕರೆಯ ಮೇರೆಗೆ ಬಂದವರು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ನದಿಗೆ ನೀರು ಹರಿದುಬರುವ ಪ್ರದೇಶದ 788 ಕೆರೆಗಳಲ್ಲಿ 221 ಒಡೆದಿದ್ದುದನ್ನು ಅವರು ಕಂಡರು. ನೀರನ್ನು ನಗರದ ಮೇಲ್ಗಡೆಯೇ ತಡೆಯಬೇಕೆಂದರು. ಅದರಂತೆ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಆದವು. ಆ ಕಾಲದಲ್ಲಿ ನೆಲದ ಮಟ್ಟವನ್ನು ಜನ ಕಾಲ್ನಡೆಯಲ್ಲಿ ಅಳತೆಕೋಲು ಹಿಡಿದು ಅಳೆಯಬೇಕಿತ್ತು.

ಈಗ ಅದನ್ನು ವಿಮಾನದಿಂದ ಲೇಸರ್ ಬೆಳಕಿನಿಂದ ಅಳೆಯುತ್ತಾರೆ. ಬಂಡೆಗೆ ಎದುರಾಗಿ ಕೂಗಿದರೆ ಮಾರ್ದನಿ ಬರುತ್ತದಷ್ಟೆ? ಅದು ಬರಲು ತಗಲಿದ ವೇಳೆಯಿಂದ ಬಂಡೆಯ ದೂರವನ್ನು ಲೆಕ್ಕ ಹಾಕಬಹುದು. ಇಲ್ಲಿಯೂ ಹಾಗೆಯೇ; ಕೂಗಿನ ಬದಲು ಬೆಳಕು. ಬೆಳಕು ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರು ಓಡುತ್ತದೆ. 900 ಮೀಟರು ಎತ್ತರದಿಂದ ನೆಲ ಮುಟ್ಟಿ ಮರಳಲು, ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಆರು ಪಾಲು ಸಾಕು! ಇಂಥ ಮಿಡಿತಗಳನ್ನು ಯಂತ್ರವು ಸೆಕೆಂಡಿಗೆ ಲಕ್ಷಗಟ್ಟಲೆ ಬಿಡುತ್ತದೆ. ವಿಮಾನವಿದ್ದ ಸ್ಥಳವನ್ನೂ ಅದರ ಓರೆಯನ್ನೂ ಬೇರೆ ಉಪಕರಣಗಳು ಗುರುತಿಸುತ್ತವೆ. ಮರಗಳಿದ್ದರೆ ಕೆಲವು ಕಿರಣಗಳು ಎಲೆಗಳ ಸಂದಿನಲ್ಲಿ ತೂರಿ ನೆಲ ಮುಟ್ಟುತ್ತವೆ. ಗಣಕಯಂತ್ರವು ಮರ, ಮನೆಗಳನ್ನು ಕಳೆದು ಬರಿಯ ನೆಲದ ನಕ್ಷೆ ತೆಗೆಯುತ್ತದೆ. ಬಯಲಿನಲ್ಲಿ ಎತ್ತರದ ತಪ್ಪು ಸಾಮಾನ್ಯವಾಗಿ ಒಂದು ಗೇಣಿಗಿಂತ ಕಡಮೆ. ನಮ್ಮ ಬಾಲಾನಗರದಲ್ಲೇ ಇರುವ, ಇಸ್ರೋಗೆ ಸೇರಿದ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ನೆರೆ ಬರುವ ನದೀಬಯಲುಗಳನ್ನು ಹೀಗೆ ಅಳೆದಿದೆ.

ಇದರ ಪ್ರಯೋಜನವೇನು? ನೆಲ ಇದ್ದಂತೆಯೇ ಇರುವುದಿಲ್ಲ. ಕೆರೆಯಂಗಳಕ್ಕೆ ಮಣ್ಣು ತುಂಬುತ್ತಾರೆ, ಬಂಡೆ ಒಡೆಯುತ್ತಾರೆ, ನಾಲೆ ಕಿರಿದಾಗುತ್ತದೆ. ಎರಡು ವರ್ಷಗಳ ನಕ್ಷೆಗಳನ್ನು ಒಂದರಿಂದೊಂದು ಕಳೆದರೆ ಎಲ್ಲಿ ಎಷ್ಟು ಏರಿತು, ಎಷ್ಟು ತಗ್ಗಿತು ಎಂಬುದು ತಿಳಿಯುತ್ತದೆ. ಇಷ್ಟು ನೀರು ಬಂದರೆ ಯಾವ ಬೀದಿಯವರೆಗೆ ನಿಲ್ಲುವುದೆಂದು ಮೊದಲೇ ಎಣಿಸಬಹುದು. ಎಲ್ಲಿ ನಾಲೆ ಅಗಲಿಸಬೇಕು, ಎಲ್ಲಿ ಮನೆ ಕಟ್ಟಬಾರದು ಎಂದು ಗೊತ್ತುಮಾಡಬಹುದು.

ಆದರೆ ಒಂದು ಮಾತು. ಸಾಮಾನ್ಯ ಲೇಸರಿಗೆ ಕೆರೆಯ ಆಳ ತಿಳಿಯದು, ನೆಲದಡಿಯ ಕೊಳವೆ ಕಾಣದು. ಅಲ್ಲದೆ ನಕ್ಷೆ ನೀರನ್ನು ತಡೆಯುವುದಿಲ್ಲ. ಅದನ್ನು ನೋಡಿ ನಡೆಯುವವರು ತಡೆಯಬೇಕು.

ನಮ್ಮ ಕೈಯಲ್ಲಿ ವಿಮಾನವಿಲ್ಲ, ನಿಜ. ಆದರೂ ಮುಂಗಡ ಕೊಡುವ ಮೊದಲು ಬೀದಿಯ ನೀರು ಯಾವ ಕಡೆ ಹರಿಯುವುದೆಂದು ನೋಡೋಣ. ಗೋಡೆಯ ಮೇಲಿನ ನೀರಿನ ಕಲೆ ನೋಡೋಣ. 2020ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ನೆರೆಯ ಹಿರಿಯರನ್ನು ಕೇಳೋಣ. ನೂರು ರೂಪಾಯಿ ಬಾಡಿಗೆ ಹೆಚ್ಚಾದರೂ ದಿಬ್ಬದ ಮನೆಯೇ ಲೇಸು.