ಒಸಡಿನ ಗಂಟಿಗೆ ಕೂದಲು ಕಟ್ಟಬೇಡ

ಮಗಳೇ,

ಮುಂದಿನ ಎರಡು ಹಲ್ಲಿನ ಸಂದಿಯಿಂದ ಕಾಫಿ ಹಣ್ಣಿನಂಥ ಕೆಂಪು ಗಂಟು ಎದ್ದಿದೆ, ಬ್ರಷ್ ತಗುಲಿದರೆ ಸಾಕು ರಕ್ತ ಬರುತ್ತೆ ಅಂತ ನಿಮ್ಮಮ್ಮ ಫೋನು ಮಾಡಿದ್ದಳು. ನರುಳ್ಳೆಗೆ ಕಟ್ಟೋ ಹಾಗೆ ಇದಕ್ಕೂ ಕುದುರೆ ಕೂದಲು ಬಿಗಿದರೆ ಉದುರಿಹೋಗುತ್ತೆ ಅಂತ ಮಗ್ಗೆಯಲ್ಲಿ ಯಾರೋ ಹೇಳಿದರಂತೆ. ಹೇಳಿದವರ ಮೇಲೆ ನನಗೆ ಸಿಟ್ಟಿಲ್ಲ, ನಿನ್ನ ಮೇಲಿನ ಪ್ರೀತಿಗೆ ಹೇಳಿದ್ದಾರೆ. ಆದರೂ ಕಟ್ಟಬೇಡ, ಚಿವುಟಬೇಡ, ಸುಣ್ಣ ಹಚ್ಚಬೇಡ. ಬಾಯೊಳಗಿನ ಕೆಂಪು ಗಂಟು ಯಾವ ಜಾತಿಯದು ಅಂತ ಗೊತ್ತಾಗೋ ಮುಂಚೆ ಅದಕ್ಕೆ ಯಾರೂ ಕೈ ಹಾಕಬಾರದು. ಆಸ್ಪತ್ರೆ ವಾರ್ಡಿನಲ್ಲೇ ತಲೆ ನರೆಸಿಕೊಂಡ ದೊಡ್ಡಮ್ಮನ ಮಾತು ಅಂತ ಕೇಳು.

ಐದು ತಿಂಗಳ ಬಸುರಿ ನೀನು, ಹಾಗಾಗಿ ನಿನ್ನದು ಹೆಚ್ಚಾಗಿ ಬಸಿರಿನ ಗಂಟೇ ಇರಬೇಕು. ಡಾಕ್ಟರು ಚೀಟಿಯಲ್ಲಿ ಪಯೋಜೆನಿಕ್ ಗ್ರಾನ್ಯುಲೋಮ ಅಂತಲೋ ಪ್ರೆಗ್ನೆನ್ಸಿ ಟ್ಯೂಮರ್ ಅಂತಲೋ ಬರೆದಾರು. ಟ್ಯೂಮರ್ ಅಂದ ಕೂಡಲೇ ಅಳೋಕೆ ಕೂರಬೇಡ, ಇದು ಕ್ಯಾನ್ಸರ್ ಅಲ್ಲ. ಹಲ್ಲಿನ ಬುಡದಲ್ಲಿ ಕೂತ ಗಾರೆ ಒಸಡನ್ನು ಕೆರಳಿಸುತ್ತೆ, ಬಸಿರಿನಲ್ಲಿ ಏರೋ ಹಾರ್ಮೋನು ಅದಕ್ಕೆ ಜೊತೆಯಾಗುತ್ತೆ, ಸಣ್ಣ ಸಣ್ಣ ರಕ್ತನಾಳ ಗುಂಪುಗಟ್ಟಿ ಬೆಳೀತವೆ. ಹೆದರಿ ಆ ಜಾಗ ಉಜ್ಜೋದನ್ನೇ ಬಿಟ್ಟಿದ್ದೀಯಂತೆ. ಬಿಟ್ಟ ಕಡೆ ಕೊಳೆ ಇನ್ನಷ್ಟು ಕೂರುತ್ತೆ, ಗಂಟು ಇನ್ನಷ್ಟು ಕೆರಳುತ್ತೆ. ಮೆತ್ತನೆ ಬ್ರಷ್ ತಗೊಂಡು ನಿಧಾನಕ್ಕೆ ಉಜ್ಜು. ಹಲ್ಲು ಕ್ಲೀನ್ ಮಾಡಿಸಿದರೆ ಹೊಟ್ಟೆಯೊಳಗಿನ ಕೂಸಿಗೆ ಏನೂ ಆಗಲ್ಲ. ಹೊಟ್ಟೆ ಭಾರವಾಗೋ ಮುಂಚೆ, ಈ ತಿಂಗಳೇ ಹೋದರೆ ಆ ಕುರ್ಚಿಯಲ್ಲಿ ಒರಗೋದೂ ಸುಲಭ.

ಹೆರಿಗೆ ಆದಮೇಲೆ ಇಂಥ ಎಷ್ಟೋ ಗಂಟು ತಾವಾಗೇ ಕುಗ್ಗುತ್ತವೆ. ಹಾಗಾಗಿ ತೊಂದರೆ ಕೊಡದೇ ಇದ್ದರೆ ಡಾಕ್ಟರು ಕಾಯೋಣ ಅಂತಾರೆ. ಊಟಕ್ಕೆ ಅಡ್ಡ ಬಂದರೆ, ದಿನಾ ರಕ್ತ ಹೋಗ್ತಿದ್ದರೆ, ಮರಗಟ್ಟೋ ಇಂಜೆಕ್ಷನ್ ಕೊಟ್ಟು ಬುಡಸಮೇತ ತೆಗೀತಾರೆ, ಗಾರೆಯನ್ನೂ ಕೆರೆದು ತೆಗೀತಾರೆ. ಗಾರೆ ಉಳಿದರೆ ಅದೇ ಜಾಗದಲ್ಲಿ ಮತ್ತೆ ಎದ್ದೀತು. ತೆಗೆದ ತುಂಡನ್ನು ಪರೀಕ್ಷೆಗೆ ಕಳಿಸ್ತೀರಾ ಅಂತ ಬಾಯಿಬಿಟ್ಟು ಕೇಳು, ನಾಚಿಕೆ ಬೇಡ.

ನಿಮ್ಮ ದೊಡ್ಡಪ್ಪನ ಕೆಳತುಟಿ ಮೇಲೆ ನೇರಳೆ ಬಣ್ಣದ ಬೊಬ್ಬೆ ಇದೆಯಲ್ಲ, ಅದು ಬೇರೆ ಜಾತಿ. ಬಿಸಿಲಿನಲ್ಲೇ ಬದುಕು ಕಳೆದ ವಯಸ್ಸಾದವರ ತುಟಿಯಲ್ಲಿ ಸಣ್ಣ ನಾಳವೊಂದು ಹಿಗ್ಗಿ ರಕ್ತ ನಿಂತಿರುತ್ತೆ, ಅಷ್ಟೆ. ಡಾಕ್ಟರು ತೆಳು ಗಾಜಿನ ಪಟ್ಟಿ ಇಟ್ಟು ಮೆಲ್ಲಗೆ ಒತ್ತಿದರು; ನೇರಳೆ ಬಣ್ಣ ಹಾಗೇ ಕರಗಿ ತುಟಿಯ ಬಣ್ಣಕ್ಕೆ ಬಂತು, ಗಾಜು ತೆಗೆದ ಕೂಡಲೇ ಮತ್ತೆ ತುಂಬಿಕೊಳ್ತು. ರಕ್ತದ ಗಂಟು ಅನ್ನೋಕೆ ಅದೊಂದು ಸುಳಿವು. ಒತ್ತಿದರೂ ಬಣ್ಣ ಬಿಡದ, ಕಪ್ಪಗೆ ಹರಡ್ತಾ ಹೋಗೋ ಮಚ್ಚೆಯಾದರೆ ತಡ ಮಾಡದೆ ತೋರಿಸಬೇಕು. ದೊಡ್ಡಪ್ಪನದಕ್ಕೆ ಏನೂ ಮಾಡಿಸಿಲ್ಲ. ಚೆಂದಕ್ಕೆ ಅಂತ ಬೇಕಾದರೆ ಲೇಸರ್ ಇದೆ ಅಂದಿದ್ದಕ್ಕೆ ಅವರು ನಕ್ಕುಬಿಟ್ಟರು.

ನಾಳೆ ಕೂಸು ಹುಟ್ಟಿದಮೇಲೂ ನೆನಪಿಟ್ಟುಕೊಳ್ಳೋ ಮಾತೊಂದಿದೆ. ಹುಟ್ಟಿದ ಕೆಲವು ವಾರಕ್ಕೆ ಮಗುವಿನ ತುಟಿಯಲ್ಲೋ ಕೆನ್ನೆಯಲ್ಲೋ ಕೆಂಪು ಗಂಟು ಕಾಣಿಸಿ, ಮೊದಲ ತಿಂಗಳುಗಳಲ್ಲಿ ಬೇಗ ಬೇಗ ಬೆಳೆದು, ಆಮೇಲೆ ವರ್ಷಗಟ್ಟಲೆ ನಿಧಾನಕ್ಕೆ ಕುಗ್ಗೋದು ಹೆಮಾಂಜಿಯೋಮ. ಹುಟ್ಟಿನಿಂದಲೇ ಇದ್ದು ಮಗುವಿನ ಜೊತೆಗೇ ಬೆಳೆಯೋದು ರಕ್ತನಾಳದ ಕಟ್ಟಣೆಯಲ್ಲೇ ಇರೋ ದೋಷ, ಅದು ತಾನಾಗಿ ಹೋಗಲ್ಲ. ಈ ಎರಡನ್ನೂ ಬಿಡಿಸಿ ನೋಡಿ ಅಂತ 1982ರಲ್ಲಿ ಮಲಿಕನ್, ಗ್ಲೋವಾಕಿ ಅನ್ನೋ ಇಬ್ಬರು ಬರೆದ ಮೇಲೆ ಚಿಕಿತ್ಸೆಯ ದಾರಿಯೇ ಬೇರೆ ಬೇರೆ ಆಯ್ತು. ಎರಡನೆಯದಕ್ಕೆ ಸ್ಕ್ಯಾನಿಂಗ್, ಎಂಆರ್‌ಐ ಮಾಡಿಸಿ, ನಾಳ ಮುಚ್ಚಿಸೋ ಇಂಜೆಕ್ಷನ್ನೋ ಆಪರೇಷನ್ನೋ ನಿರ್ಧಾರ ಮಾಡ್ತಾರೆ. ಮೊದಲನೆಯದು ಹಾಲು ಕುಡಿಯೋಕೆ ಅಡ್ಡ ಬಂದರೆ, ಹುಣ್ಣಾದರೆ, ಪ್ರೊಪ್ರನೊಲಾಲ್ ಅನ್ನೋ ಔಷಧಿ ಕೊಡ್ತಾರೆ. ನಾವು ಮೆಣಸಿಗೆ, ಅಡಿಕೆಗೆ ಹೊಡೆಯೋ ಬೋರ್ಡೋ ದ್ರಾವಣ ಹುಟ್ಟಿದ ಫ್ರಾನ್ಸಿನ ಅದೇ ಬೋರ್ಡೋ ಸೀಮೆಯ ಡಾಕ್ಟರುಗಳು ಹೃದಯದ ತೊಂದರೆಗೆ ಅಂತ ಒಂದು ಮಗುವಿಗೆ ಅದನ್ನು ಕೊಟ್ಟಾಗ ಮುಖದ ಗಂಟು ಕುಗ್ಗಿದ್ದು ಕಂಡು, 2008ರಲ್ಲಿ ಲೋಕಕ್ಕೆ ತಿಳಿಸಿದರು. ಮನೆಯಲ್ಲಿ ಬಿಪಿಗೆ ಅಂತ ಇರೋ ಮಾತ್ರೆ ಅರೆದು ಕೊಡೋ ಔಷಧಿ ಅಲ್ಲ ಅದು. ಹಾಲು ಕುಡಿಸದೆ ಕೊಟ್ಟರೆ ಕೂಸಿನ ರಕ್ತದ ಸಕ್ಕರೆ ಇಳಿದುಹೋಗುತ್ತೆ.

ನಿನ್ನ ವಿಷಯದಲ್ಲಿ ನನಗೆ ನಿಜಕ್ಕೂ ಭಯ ಇರೋದು ಒಂದೇ. ಗಂಟಿನ ಮೇಲೆ ಬೆರಳಿಟ್ಟರೆ ನಾಡಿಯ ಹಾಗೆ ಬಡಿದರೆ, ಅಲ್ಲಿನ ಹಲ್ಲು ಅಲ್ಲಾಡ್ತಾ ಅದರ ಸುತ್ತ ಸುಮ್ಮಸುಮ್ಮನೆ ರಕ್ತ ಒಸರಿದರೆ, ಆ ಹಲ್ಲನ್ನು ಯಾರ ಕೈಯಲ್ಲೂ ಕೀಳಿಸಬೇಡ. ದವಡೆ ಮೂಳೆಯೊಳಗೇ ರಕ್ತನಾಳದ ಗೋಜಲು ಇರೋದು ಅಪರೂಪ; ಇದ್ದು, ಗೊತ್ತಿಲ್ಲದೆ ಹಲ್ಲು ಕಿತ್ತರೆ ರಕ್ತ ನಿಲ್ಲಿಸೋದು ದೊಡ್ಡಾಸ್ಪತ್ರೆಯವರಿಗೂ ಕಷ್ಟ. ಮೊದಲು ಎಕ್ಸ್‌ರೇ, ಸ್ಕ್ಯಾನಿಂಗ್ ಆಗಲೇಬೇಕು.

ಹಾಸನಕ್ಕೆ ಹೋಗು. ಶ್ರೀ ಹಾಸನಾಂಬ ದಂತ ಕಾಲೇಜು ಇದೆ, ಹಿಮ್ಸ್ ಆಸ್ಪತ್ರೆ ಇದೆ. ಕಾಲೇಜಿನಲ್ಲಿ ಕಲಿಯೋ ಹುಡುಗರು ನೋಡ್ತಾರೆ ಅಂತ ಮೂಗು ಮುರೀಬೇಡ, ಅವರ ಬೆನ್ನಿಗೆ ಪ್ರೊಫೆಸರು ಇರ್ತಾರೆ. ತಾಯಿ ಕಾರ್ಡ್ ತಗೊಂಡು ಹೋಗು, ಹಿಮೋಗ್ಲೋಬಿನ್ ಎಷ್ಟಿದೆ ಅಂತ ತೋರಿಸು. ಗಂಟಿನ ಫೋಟೋ ವಾರಕ್ಕೊಂದು ಮೊಬೈಲಿನಲ್ಲಿ ತೆಗೆದಿಟ್ಟಿರು. ರಾತ್ರಿ ಹೊತ್ತು ರಕ್ತ ಬಂದರೆ ಮಲಗಬೇಡ, ಎದ್ದು ಕೂತು, ಶುದ್ಧ ಬಟ್ಟೆ ಮಡಿಸಿ ಗಂಟಿನ ಮೇಲೆ ಒತ್ತಿಹಿಡಿ. ಗಡಿಯಾರ ನೋಡಿ 15 ನಿಮಿಷ. ನಿಂತಿತೋ ಇಲ್ಲವೋ ಅಂತ ನಡುನಡುವೆ ತೆಗೆದು ನೋಡಬೇಡ, ಬಾಯಿ ಮುಕ್ಕಳಿಸಬೇಡ. ಆಮೇಲೂ ನಿಲ್ಲದಿದ್ದರೆ 108ಕ್ಕೆ ಫೋನು ಮಾಡಿಸು.

ಹೊಸಕೋಟೆ ಕೆಂಚಮ್ಮನಿಗೆ ನಿಮ್ಮಮ್ಮ ಹರಕೆ ಹೊತ್ತಿದ್ದಾಳಂತೆ, ಇರಲಿ. ಹಾಸನಕ್ಕೆ ಹೋಗೋವಾಗ ಅವಳನ್ನೂ ಬಸ್ಸು ಹತ್ತಿಸು. ಹೊಗೆಸೊಪ್ಪು ಒತ್ತಿಟ್ಟುಕೊಳ್ಳೋ ಕಡೆ ಅವಳ ಕೆನ್ನೆಯೊಳಗೆ ಒಂದು ಹುಣ್ಣು ತಿಂಗಳಾದರೂ ಮಾಗಿಲ್ಲ, ಫೋನಿನಲ್ಲಿ ಮಾತು ತಪ್ಪಿ ಅಂದುಬಿಟ್ಟಳು. ಎರಡು ವಾರ ದಾಟಿದ ಹುಣ್ಣನ್ನು ನಾನಂತೂ ನಂಬಲ್ಲ. ನಿನ್ನ ಗಂಟಿಗಿಂತ ಮೊದಲು ಅವಳ ಬಾಯಿ ತೆಗೆಸಿ ತೋರಿಸು.