ಬೆಲ್ಟಿದೆ, ಬಲವಿಲ್ಲ

ಪ್ರಶ್ನೆ: ನನಗೆ 20 ವರ್ಷ, ತೂಕ 54 ಕೆ.ಜಿ. ಮೂರು ವರ್ಷದಿಂದ ಕರಾಟೆ ಕಲಿಯುತ್ತಿದ್ದೇನೆ, ಬ್ರೌನ್ ಬೆಲ್ಟ್. ಮೊನ್ನೆ ಹಾಸ್ಟೆಲಿನಲ್ಲಿ ತಮಾಷೆಯ ಜಟಾಪಟಿಯಲ್ಲಿ, ಏನೂ ಕಲಿಯದ 90 ಕೆ.ಜಿ.ಯ ಗೆಳೆಯ ನನ್ನನ್ನು ಎತ್ತಿ ಕೆಡವಿ ಮೇಲೆ ಕೂತುಬಿಟ್ಟ. ಅಲುಗಾಡಲೂ ಆಗಲಿಲ್ಲ. ಎಲ್ಲರೂ ನಕ್ಕರು. ಕಲಿತದ್ದೆಲ್ಲ ದಂಡವೇ? ಕರಾಟೆ ಬಿಟ್ಟು ಜಿಮ್ ಸೇರಲೇ?

ಉತ್ತರ: ದಂಡವಲ್ಲ. ಆದರೆ 36 ಕೆ.ಜಿ. ವ್ಯತ್ಯಾಸವನ್ನು ಬೆಲ್ಟಿನ ಬಣ್ಣ ತುಂಬಿಕೊಡುತ್ತದೆಂದು ಯಾರಾದರೂ ನಂಬಿಸಿದ್ದರೆ ಅದು ಸುಳ್ಳು. ತೂಕ ಲೆಕ್ಕಕ್ಕೆ ಬರುವುದರಿಂದಲೇ ಕುಸ್ತಿ, ಬಾಕ್ಸಿಂಗ್, ಜೂಡೊಗಳಲ್ಲಿ ತೂಕದ ವಿಭಾಗಗಳಿವೆ. ನೂರು ಗ್ರಾಂ ಹೆಚ್ಚಾಯಿತೆಂದು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ ಫೈನಲ್ಲನ್ನೇ ಕಳೆದುಕೊಳ್ಳಲಿಲ್ಲವೇ?

ಜೂಡೊ ಎಂದರೆ ಚಿಕ್ಕವನು ದೊಡ್ಡವನನ್ನು ಕೆಡವುವ ವಿದ್ಯೆ ಎಂದೇ ಹೆಸರು. ಆದರೆ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ತೂಕದ ಮಿತಿಯಿಲ್ಲದ ವಿಭಾಗದ ಫೈನಲ್ಲಿನಲ್ಲಿ, ಎರಡು ಮೀಟರಿಗೆ ತುಸುವೇ ಕಡಿಮೆ ಎತ್ತರದ ಡಚ್ ಪಟು ಆಂಟನ್ ಗೀಸಿಂಕ್ ಜಪಾನಿನ ಅಕಿಯೊ ಕಾಮಿನಾಗರನ್ನು ನೆಲಕ್ಕೆ ಅದುಮಿ ಹಿಡಿದು ಗೆದ್ದರು. ಗೀಸಿಂಕ್ ಬರೀ ದೈತ್ಯನಲ್ಲ, ಜಪಾನಿಗೇ ಹೋಗಿ ಪಳಗಿದವರು. ವಿದ್ಯೆ ಸರಿಸಮವಾದಾಗ ದೇಹದ್ದೇ ಮೇಲುಗೈ.

ನಿಮಗೆ ಬೇಕಾದ ಉದಾಹರಣೆ ಬೇರೆ. 1994ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ, ಹೊಡೆತ, ಪಟ್ಟು ಎರಡೂ ಸಲ್ಲುವ ಯುಎಫ್‌ಸಿ ಕಾಳಗದಲ್ಲಿ, ಸುಮಾರು 80 ಕೆ.ಜಿ.ಯ ಬ್ರೆಜಿಲ್ ಪಟು ರಾಯ್ಸ್ ಗ್ರೇಸಿ, ತನಗಿಂತ ಬಹಳ ಭಾರದ ಕುಸ್ತಿಪಟು ಡ್ಯಾನ್ ಸೆವೆರ್ನ್ ಕೆಳಗೆ ಕಾಲು ಗಂಟೆ ಸಿಕ್ಕಿಬಿದ್ದಿದ್ದರು. ಕೊನೆಗೆ ಕೆಳಗಿನಿಂದಲೇ ಕಾಲುಗಳಲ್ಲಿ ಕುತ್ತಿಗೆ ಬಿಗಿದು ಸೋಲೊಪ್ಪಿಸಿದರು. ಗ್ರೇಸಿ ಕಲಿತದ್ದೇ ಮೈಮೇಲೆ ಭಾರ ಬಿದ್ದಾಗ ಮಾಡಬೇಕಾದ ಕೆಲಸ. ನೀವು ಕಲಿತದ್ದು ದೂರದಿಂದ ಹೊಡೆಯುವುದು. ಗೆಳೆಯ ನಡುವಿಗೆ ಕೈ ಹಾಕಿದ ಕೂಡಲೇ ಆ ದೂರ ಮುಗಿಯಿತು.

ಹಾಗಾಗಿ ಕರಾಟೆ ಬಿಡಬೇಡಿ, ಜೊತೆಗೆ ಜೂಡೊ ಅಥವಾ ಹತ್ತಿರದ ಗರಡಿ ಮನೆ ಸೇರಿ. ಗಾಳಿಗೆ ಗುದ್ದುವುದಲ್ಲ, ನಿಜವಾಗಿ ಎದುರೊತ್ತುವ, ನಿಮಗಿಂತ ಭಾರದ ಜೋಡಿಯೊಂದಿಗೆ ಹಿಡಿದಾಡಬೇಕು. ದಂಡ, ಬೈಠಕ್ ಬೇಕೇ ಬೇಕು. ಪಟ್ಟು ಹಾಕಲೂ ಕಸುವು ಬೇಕಲ್ಲ. ಹೊಟ್ಟೆ ತುಂಬ ಊಟ ಮಾಡಿ (ಹಾಸ್ಟೆಲ್ ಊಟದ ಸಂಗತಿ ನನಗೆ ಗೊತ್ತು, ಆದರೂ). ಗೆಳೆಯನನ್ನೂ ಕರೆದೊಯ್ಯಿರಿ, ಒಳ್ಳೆಯ ಜೋಡಿಯಾದಾನು.

ಇದೆಲ್ಲ ಮಣ್ಣಿನ ಮೇಲೆ, ಉಸ್ತಾದರ ಕಣ್ಣೆದುರು. ಬೀದಿಯಲ್ಲಿ ಯಾರಾದರೂ ಕೈಮಾಡಲು ಬಂದರೆ ಅವರ ಜೇಬಿನಲ್ಲಿ ಚಾಕು ಇದೆಯೋ, ಹಿಂದೆ ಇನ್ನಿಬ್ಬರು ಇದ್ದಾರೋ ತಿಳಿಯದು. ಅಲ್ಲಿ ನಿಲ್ಲಬೇಡಿ, ಓಡಿ.